ಎಮ್ಮಿಗೆ ಹಾಕಿದ ಗುಳಿಗಿ

ಇದು ನಮ್ಮ ಚಿಗವ್ವನ ಮಗಳು ಭಾಗ್ಯಜ್ಯೋತಿಗೆ ಆದದ್ದು. ನಾನು ಓದಿದವಳು, ಕಂಡಕಂಡದ್ದನ್ನು ನಂಬುವವಳಲ್ಲ. ಇದನ್ನು ಮಾತ್ರ ನಂಬುತ್ತೇನೆ. ದೀಪ ಸಣ್ಣ ಮಾಡ್ರಿ, ಹೇಳ್ತೇನಿ.

ಭಾಗ್ಯಾಳನ್ನು ಕೊಟ್ಟದ್ದು ಮಸೂತಿ ಎಂಬ ಊರಿನ ಕಡೆಯ ಒಂದು ಹಳ್ಳಿಗೆ, ಎರಡನೇ ಸಂಬಂಧ. ಗಂಡ ಸಂಜೀವಕುಮಾರನಿಗೆ ಆಲಮಟ್ಟಿಯಲ್ಲಿ ನೌಕರಿ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮೊದಲನೆಯವಳು ಸುನಂದಾ, ಬಸುರಿಗೆ ಇಡಿಸಿದ ಹಸಿರು ಬಳೆ ಕೈಯಲ್ಲಿರುವಾಗಲೇ ಹೆರಿಗೆಯಲ್ಲಿ ರಕ್ತ ಹೋಗಿ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ.

ಆವತ್ತು ಸರಕಾರಿ ದವಾಖಾನೆಯಲ್ಲಿ ಬಸುರಿಯರ ತಪಾಸಣೆ. ಬಸುರಿ ಭಾಗ್ಯಾ ಬಾಗೇವಾಡಿಗೆ ಹೋಗಿ ಬರುವಷ್ಟರಲ್ಲಿ ಬಸ್ಸು ತಡವಾಗಿ, ಕ್ರಾಸಿನಲ್ಲಿ ಇಳಿದಾಗ ಗವ್ವೆನ್ನುವ ಕತ್ತಲು. ಹಾಳುಬಾವಿ ದಾಟಿ ಊರು ಸೇರಬೇಕು. ಚಪ್ಪಲಿ ಚರ್... ಚರ್... ಅನ್ನುತ್ತಿತ್ತು. ಎದೆ ಡವಗುಟ್ಟಿ, ಕಿವಿಯಲ್ಲಿ ಗುಂಯ್ ಅಂದು, ಬಾವಿಯ ಕಟ್ಟೆಗೆ ಕೈಕೊಟ್ಟು ನಿಂತಳು.

ಡಾಕ್ಟರಮ್ಮ ಬೈದಿದ್ದರು. "ರಕ್ತ ಏರವಲ್ದು. ಗುಳಿಗಿ ನುಂಗಾಕತ್ತಿಯೋ ಇಲ್ಲೋ? ಹಿಂಗ ಆದ್ರ ಹೆರಿಗ್ಯಾಗ ನೀ ಉಳಿಯೂದು ಕಠಿಣ ಐತಿ."

"ನುಂಗ್ತೇನ್ರಿ" ಅಂದಿದ್ದಳು. ಒಂದನ್ನೂ ನುಂಗಿರಲಿಲ್ಲ.

ಅತ್ತೆ ಹೊನ್ನವ್ವನ ಲೆಕ್ಕವೇ ಬೇರೆ. ಕಬ್ಬಿಣದ ಗುಳಿಗಿ ನುಂಗಿದರೆ ಕೂಸು ಕರ್ರಗಾಗುತ್ತದೆ, ದಪ್ಪಾಗಿ ಹೊಟ್ಟೆಯಲ್ಲೇ ಸಿಗಿಬೀಳುತ್ತದೆ. ಹಾಗಂತ ಪುಕ್ಕಟೆ ಬಂದದ್ದನ್ನು ಚೆಲ್ಲುವ ಜಾತಿಯೂ ಅಲ್ಲ. ದಿನಾ ರಾತ್ರಿ ಕೊಟ್ಟಿಗೆಯಲ್ಲಿ ಕೂತು ಪಟ್ಟಿಯಿಂದ ಒಂದೊಂದೇ ಗುಳಿಗಿ ಬಿಡಿಸಿ ಎಮ್ಮೆಯ ಹಿಂಡಿಗೆ ಹಾಕುತ್ತಿದ್ದಳು. ಎಮ್ಮೆ ಮಿರಿಮಿರಿ ಮಿಂಚುತ್ತಿತ್ತು. ಅಂಗನವಾಡಿಯಲ್ಲಿ ಬಸುರಿಯರಿಗೆ ಬಿಸಿ ಊಟ ಇತ್ತಲ್ಲ, ಅದಕ್ಕೂ ಕಳಿಸುತ್ತಿರಲಿಲ್ಲ. "ಕಂಡವರ ಸಾಲಾಗ ಕುಂತು ಸರಕಾರದ ಅನ್ನ ಉಣ್ಣಾಕ ನಮ್ಮನಿ ಸೊಸಿಗೆ ಏನು ಬರಗಾಲ ಬಂದೈತಿ?" ಒಟ್ಟಿನಲ್ಲಿ ಸರಕಾರದ ಯೋಜನೆ ಆ ಮನೆಯಲ್ಲಿ ಮುಟ್ಟಿದ್ದು ಎಮ್ಮೆಯೊಂದಕ್ಕೆ.

ಬಾವಿಯ ಆಚೆ ಕಡೆಯಿಂದ ಮೆಲ್ಲಗೆ ಒಂದು ದನಿ.

"ದಣದಿಯೇನ?"

ಯಾರೋ ಹೆಂಗಸು. ತಲೆ ಮೇಲೆ ಸೆರಗು, ಮುಖ ಕಾಣದು.

"ಹೂಂ..."

"ಗುಳಿಗಿ ಕೊಟ್ರೇನು?"

"ಕೊಟ್ರು."

"ಯಾರ ಕೈಯಾಗ ಕೊಡ್ತಿ?"

"ನಮ್ಮ ಅತ್ತಿ ಕೈಯಾಗ."

ಬಾವಿಯೊಳಗೆ ಎಲ್ಲೋ ನೀರು ತೊಟಕ್... ಅಂದಿತು.

"ನಾನೂ ಆಕಿ ಕೈಯಾಗನ ಕೊಡ್ತಿದ್ದೆ."

ಭಾಗ್ಯಾ ಎರಡು ಹೆಜ್ಜೆ ಹಿಂದೆ ಸರಿದಳು. ಹೊಟ್ಟೆಯಲ್ಲಿ ಕೂಸು ಒಮ್ಮೆ ಒದೆಯಿತು.

"ಅಂಜಬ್ಯಾಡ. ನಿನ್ನ ಸುದ್ದಿಗೆ ನಾ ಬರಂಗಿಲ್ಲ. ನಂದು ಆಕಿ ಕಡಿ ಉಳದೈತಿ, ಇಸ್ಕೊಳ್ಳಾಕ ಬರ್ತೇನಿ. ನೀ ಒಂದ ಕೆಲಸ ಮಾಡು. ಆಕಿ ಕೇಳಿದ್ರ... ಕೇಳಸವಲ್ದು ಅನ್ನು."

ತಿರುಗಿ ನೋಡುವಷ್ಟರಲ್ಲಿ ಕಟ್ಟೆ ಬರಿದು.

ಆ ರಾತ್ರಿಯೂ ಹೊನ್ನವ್ವ ಎಂದಿನಂತೆ ಕೊಟ್ಟಿಗೆಗೆ ಹೋಗಿ, ಗುಳಿಗಿ ಹಾಕಿ, ಬಂದು ಮಲಗಿದಳು. ಲೈಟು ಆರಿಸಿ ಸ್ವಲ್ಪ ಹೊತ್ತಾಗಿತ್ತು.

ಚಟ್...

ಪಟ್ಟಿಯ ಬೆನ್ನಿನ ಬೇಗಡೆ ಹರಿಯುವ ಸಪ್ಪಳ. ಹಿಂದೆಯೇ, ಗುಳಿಗಿ ಕಬ್ಬಿಣದ ಬುಟ್ಟಿಗೆ ಬಿದ್ದಂತೆ... ಟಿಣ್.

ಚಟ್... ಟಿಣ್.

ಹೊನ್ನವ್ವ ಎದ್ದು ಕೂತಳು. "ಭಾಗ್ಯಾ... ಕೊಟಗ್ಯಾಗ ಯಾರೋ ಗುಳಿಗಿ ಬಿಡಸಾಕತ್ತಾರ. ನಿನಗ ಕೇಳಸಾಕತ್ತೈತೇನು?"

ಭಾಗ್ಯಾಳಿಗೆ ಸ್ವಚ್ಛ ಕೇಳಿಸುತ್ತಿತ್ತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ಇಲ್ಲತ್ತಿ. ಏನೂ ಕೇಳಸವಲ್ದು."

ಡಾಕ್ಟರಮ್ಮನಿಗೆ ಸುಳ್ಳು ಹೇಳುವಾಗ ನಡುಗಿದ್ದ ದನಿ ಈಗ ನಡುಗಲಿಲ್ಲ.

ಮಾರನೇ ರಾತ್ರಿ ಸಪ್ಪಳ ಅಂಗಳಕ್ಕೆ ಬಂತು. ಆಮೇಲೆ ಅಡಿಗೆಮನೆಗೆ. ಆಮೇಲೆ ಹೊನ್ನವ್ವನ ತಲೆದಿಂಬಿನ ಹತ್ತಿರ... ಚಟ್. ಪ್ರತಿ ಸಲ ಅವಳು ಕೇಳುತ್ತಿದ್ದಳು, ಪ್ರತಿ ಸಲ ಸೊಸೆ ಇಲ್ಲ ಅನ್ನುತ್ತಿದ್ದಳು.

ತಿಂಗಳೊಳಗೆ ಹೊನ್ನವ್ವನ ಉಗುರು ಸುಣ್ಣದಂತಾದವು. ತುಟಿ ಬೆಳ್ಳಗೆ, ಮುಖ ಬಾತು, ನಾಲ್ಕು ಹೆಜ್ಜೆಗೆ ಏದುಸಿರು. ಮಗ ದೊಡ್ಡ ದವಾಖಾನೆಗೆ ಒಯ್ದು ರಕ್ತ ಹಾಕಿಸಿದ. ವಾರದಲ್ಲಿ ಮತ್ತೆ ಮೊದಲಿನಷ್ಟೇ. ಗಾಯವಿಲ್ಲ, ಹುಣ್ಣಿಲ್ಲ, ಹನಿ ರಕ್ತ ಹೊರಗೆ ಹೋಗಿಲ್ಲ. "ಹಾಕಿದ್ದು ಎಲ್ಲಿಗೆ ಹೋಗಾಕತ್ತೈತಿ?" ಅಂತ ಡಾಕ್ಟರು ಮಗನನ್ನೇ ಕೇಳಿದರು.

ಹಾಸಿಗೆ ಹಿಡಿದವಳು ಗುಳಿಗಿ ಕಸಿದುಕೊಳ್ಳುವುದು ಹೇಗೆ? ಭಾಗ್ಯಾ ಅವಳ ಎದುರಿಗೇ ನಿಂತು, ಲಿಂಬೆಹಣ್ಣಿನ ನೀರಿನೊಂದಿಗೆ ನುಂಗತೊಡಗಿದಳು. ಮಧ್ಯಾಹ್ನವಾದರೆ ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದಳು.

"ಎಲ್ಲಿಗೆ?"

"ಸಾಲಾಗ ಕುಂತು ಉಣ್ಣಾಕ್ರಿ."

ಒಂದು ರಾತ್ರಿ ಹೊನ್ನವ್ವ ಅವಳ ಕೈ ಗಪ್ಪನೆ ಹಿಡಿದಳು. ಆ ಕೈ ಐಸಿನಂಗಿತ್ತು.

"ಆಕಿನ ಬಂದಾಳ, ಸುನಂದಾ. ನೀ ಒಂದ ಮಾತು ಹೇಳವ್ವಾ... ನಿನ್ನ ಮಾತು ಕೇಳ್ತಾಳ. ನನ್ನ ಬಿಡಂತ ಹೇಳು."

ಕತ್ತಲಲ್ಲಿ ಸಪ್ಪಳ ನಿಂತಿತು. ಯಾರೋ ಉತ್ತರಕ್ಕೆ ಕಾಯುತ್ತಿದ್ದ ಹಾಗೆ...

ಭಾಗ್ಯಾ ನಿಧಾನವಾಗಿ ಕೈ ಬಿಡಿಸಿಕೊಂಡಳು. "ಆಕಿ ಹಣ್ಯಾಗ ಅಷ್ಟ ಬರದಿತ್ತಂತ ನೀವ ಊರ ತುಂಬ ಹೇಳೀರಿ. ನಿಮ್ಮ ಹಣ್ಯಾಗೂ ಏನರ ಬರದಿರಬೇಕು. ಮಲಗ್ರಿ."

ಚಟ್... ಅಂದಿತು.

ಭಾಗ್ಯಾ ಬಾಗೇವಾಡಿಯಲ್ಲಿ ಹೆತ್ತಳು. ಹೆಣ್ಣು, ದುಂಡಗೆ, ಕೆಂಪಗೆ. ರಕ್ತ ಕಮ್ಮಿ ಬೀಳಲಿಲ್ಲ. ಬಾಣಂತಿ-ಕೂಸನ್ನು ಸರಕಾರಿ ಗಾಡಿಯೇ ಮನೆ ಬಾಗಿಲಿಗೆ ತಂದು ಬಿಟ್ಟಿತು. ಜೊತೆಗೆ ನಾನಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಹೊನ್ನವ್ವ ಪಡಸಾಲೆಯ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಗಂಡ ಸತ್ತು ಎಷ್ಟೋ ವರ್ಷವಾದ ಹೆಂಗಸು. ಎರಡೂ ಮುಂಗೈ ತುಂಬ ಹಸಿರು ಗಾಜಿನ ಬಳೆ. ಕುಬಸದ ದಿನ ಬಸುರಿಗೆ ಇಡಿಸುತ್ತೇವಲ್ಲ, ಹಾಗೆ, ತುಂಬ.

ಮಗನಿಗೆ ನಾಚಿಕೆಯೋ ಅಂಜಿಕೆಯೋ, ಬಳೆಗಾರ್ತಿ ಸಿದ್ದೀಕಾಳನ್ನು ಕರೆಸಿದ. ಅವಳು ಸಾಬೂನು ಹಚ್ಚಿದಳು, ಎಣ್ಣೆ ಹಚ್ಚಿದಳು. ಒಂದೂ ಗೆಣ್ಣು ದಾಟಲಿಲ್ಲ.

"ಇವು ಸಣ್ಣ ಹುಡಿಗ್ಯಾರ ಅಳತೀವ್ರಿ" ಅಂದಳು ಪಿಸುಗುಟ್ಟಿ. "ಈ ಕೈಯಾಗ ಹೊಗಾಕ ಸಾಧ್ಯ ಇಲ್ಲ. ನಾ ಇಡಿಸಿಲ್ರಿ. ಯಾರ ಇಡಿಸಿದ್ರು?"

ಹೊನ್ನವ್ವ ಬಳೆಯ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಈಗಲೂ ಇದ್ದಾಳೆ, ಅದೇ ಹೊರಸಿನ ಮೇಲೆ. ಬಳೆ ನಾನೇ ಮುಟ್ಟಿ ನೋಡಿದ್ದೇನೆ... ಬೆಚ್ಚಗಿದ್ದವು.