ಹೆಸರು ಹೇಳದೆ ಮಾಡಿದ ಪ್ರಾರ್ಥನೆ

ಒಂದೂರಲ್ಲಿ ಒಬ್ಬ ಶ್ರೀಮಂತೆ ಇದ್ದಳು, ಪ್ರಿಯರೇ. ಹೊಲ ಎಷ್ಟು, ಬಂಗಾರ ಎಷ್ಟು ಎಂದು ಕೇಳಬೇಡಿ, ಅವೆರಡೂ ಇರಲಿಲ್ಲ. ಆಕೆಯ ಐಶ್ವರ್ಯವೆಲ್ಲ ಪ್ರಾರ್ಥನೆ. ಹೆಸರು ದಯಾವತಿಬಾಯಿ. ಗದಗದ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಯವಳು, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಶುಕ್ರವಾರ ಮಧ್ಯಾಹ್ನ ಸ್ತ್ರೀಯರ ಕೂಟದಲ್ಲಿ ಆಕೆ ಕಣ್ಣು ಮುಚ್ಚಿ ‘ಕರ್ತನೇ’ ಎಂದರೆ ಸಾಕು, ಎದುರು ಕೂತವರ ಸೆರಗು ಕಣ್ಣಿಗೆ ಹೋಗುತ್ತಿತ್ತು. ಮಗುವಿಗೆ ಜ್ವರ ಬಂದರೆ ಆಕೆಗೆ ಹೇಳಿ ಕಳಿಸುವರು, ಮಗನಿಗೆ ಪರೀಕ್ಷೆ ಬಂದರೆ ಆಕೆಗೇ.

ಅದೇ ಸಭೆಯಲ್ಲಿ ರಾಹೇಲವ್ವ ಎಂಬ ವಿಧವೆ. ರವಿಕೆ ಹೊಲಿದು ಒಬ್ಬಳೇ ಮಗಳನ್ನು ಓದಿಸಿ, ಆ ವರ್ಷ ಮೇ ತಿಂಗಳಲ್ಲಿ ಹಾವೇರಿಗೆ ಮದುವೆ ಮಾಡಿಕೊಟ್ಟಿದ್ದಳು. ಎರಡೇ ತಿಂಗಳು. ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆದು, ಹುಡುಗಿ ಒಂದು ಬ್ಯಾಗು ಹಿಡಿದು ತವರಿಗೆ ಬಂದುಬಿಟ್ಟಳು. ರಾಹೇಲವ್ವ ಯಾರಿಗೆ ಹೇಳಿಯಾಳು? ದಯಾವತಿಬಾಯಿಯ ಅಡಿಗೆಮನೆಯಲ್ಲಿ ಕೂತು ಅತ್ತಳು.

“ಅಕ್ಕಾರ, ಬೀಗರ ಕಡೆ ಹಿರ್ಯಾರು ಮಾತಾಡಾಕತ್ಯಾರ್ರಿ. ಕೂಡಿ ಬರ್ತದ ಅಂತಾರ. ಅಲ್ಲೀತನಕ ಯಾರ ಕಿವಿಗೂ ಬೀಳೋದು ಬ್ಯಾಡ. ನೀವು ಪ್ರಾರ್ಥನಾ ಮಾಡ್ರಿ.”

ದಯಾವತಿಬಾಯಿ ಆಕೆಯ ಕೈ ಹಿಡಿದು ಮಾತು ಕೊಟ್ಟಳು. ನೋಡಿ, ಕೊಟ್ಟ ಮಾತನ್ನು ಉಳಿಸಿಕೊಂಡೆ ಎಂದೇ ಆಕೆ ನಂಬಿದ್ದಳು. ಯಾರಿಗೂ ಹೇಳಲಿಲ್ಲ, ದೇವರಿಗೆ ಮಾತ್ರ ಹೇಳಿದಳು.

ಒಂದು ತಿಂಗಳಾದ ಮೇಲೆ ರಾಹೇಲವ್ವ ಆರಾಧನೆಗೆ ಬರುವುದು ನಿಂತಿತು. ಒಂದು ಭಾನುವಾರ ಇಲ್ಲ, ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ. ದಯಾವತಿಬಾಯಿ ಮನೆಗೇ ಹೋದಳು. ರಾಹೇಲವ್ವ ಬಾಗಿಲಲ್ಲೇ ನಿಂತು, “ಮೈಯಾಗ ಆರಾಮಿಲ್ರಿ ಅಕ್ಕಾರ” ಎಂದಳು. ಒಳಗೆ ಬನ್ನಿ ಎನ್ನಲಿಲ್ಲ. ಚಹಾ ಕುಡಿಸದೆ ಯಾರನ್ನೂ ಕಳಿಸಿದವಳಲ್ಲ ಆಕೆ.

ಏನಾಗಿರಬಹುದು? ದಯಾವತಿಬಾಯಿಯ ತಲೆಯೊಳಗೆ ಆ ಪ್ರಶ್ನೆ ಹೊಕ್ಕಿತು. ಮರಳುವ ದಾರಿಯಲ್ಲೇ ಗೆಳತಿ ಸುಲೋಚನಳ ಮನೆ. ಸುಲೋಚನ ಹಿಟ್ಟು ಸಾಣಿಸುತ್ತ ಹೇಳಿದಳು: “ನಿಮಗ ಗೊತ್ತಿಲ್ಲೇನ್ರಿ? ಮಗಳು ಬಿಟ್ಟು ಬಂದದ್ದು ಊರಿಗೆಲ್ಲ ಗೊತ್ತಾಗೇದ. ಹಾವೇರಿಗೂ ಹೋಗಿ ಮುಟ್ಟೇದಂತ. ನಮ್ಮ ಮಾನ ಸಭಾದಾಗ ಹರಾಜು ಹಾಕ್ಯಾರ ಅಂತ ಬೀಗರು ಮಾತುಕತಿನ ಮುರಿದ್ರಂತ.”

ದಯಾವತಿಬಾಯಿಗೆ ಮೈಯೆಲ್ಲ ಉರಿಯಿತು. “ಯಾರ ಬಾಯಿ ಅದು? ನಿನಗ ಯಾರು ಹೇಳಿದ್ರು?”

“ಮಾರ್ಥಕ್ಕ ಹೇಳಿದ್ಳ್ರಿ.”

ಮಾರ್ಥಕ್ಕನ ಮನೆ ಎರಡು ಓಣಿ ಆಚೆ. ಬಿಸಿಲು ನೆತ್ತಿಯ ಮೇಲಿತ್ತು, ಮೊಣಕಾಲು ನೋಯುತ್ತಿತ್ತು, ಆದರೂ ಹೋದಳು. ಪರರ ಪಾಪದ ಬೇರು ಹುಡುಕಲು ನಮಗೆ ಎಷ್ಟು ಶಕ್ತಿ ಬರುತ್ತದೆ, ನೋಡಿದಿರಾ? ಮಾರ್ಥಕ್ಕ ಪ್ರೇಮಲತಾಳ ಕಡೆ ಬೆರಳು ತೋರಿದಳು. ಪ್ರೇಮಲತಾ ಅದೇ ಶಾಲೆಯ ಟೀಚರು, ದಯಾವತಿಬಾಯಿಯ ಕೈಯಲ್ಲೇ ಕಲಿತವಳು. ದಯಾವತಿಬಾಯಿ ಚಪ್ಪಲಿ ಕೂಡ ಬಿಡದೆ ಕಟ್ಟೆಯ ಮೇಲೆ ನಿಂತೇ ಕೇಳಿದಳು.

“ರಾಹೇಲವ್ವನ ಮಗಳ ಮಾತು ನಿನಗ ಯಾರು ಹೇಳಿದ್ರು? ಖರೇ ಹೇಳು.”

ಪ್ರೇಮಲತಾ ತಬ್ಬಿಬ್ಬಾದಳು. ಮೆಲ್ಲಗೆ ಅಂದಳು: “ನೀವ ಹೇಳಿದ್ರಲ್ರಿ, ಬಾಯಾರ.”

“ನಾನು?”

“ಶುಕ್ರವಾರದ ಕೂಟದಾಗ. ‘ಕರ್ತನೇ, ಗಂಡನ ಮನೆಯಿಂದ ತಿರುಗಿ ಬಂದ ನಮ್ಮ ಸಹೋದರಿಯ ಮಗಳ ಕಣ್ಣೀರು ಒರಸು’ ಅಂತ ಪ್ರಾರ್ಥನಾ ಮಾಡಿದ್ರಿ.”

“ನಾ ಹೆಸರು ಹೇಳಲಿಲ್ಲಲ್ಲ.”

“ನಮ್ಮ ಸಭಾದಾಗ ಈ ವರ್ಷ ಆಗಿದ್ದು ಒಂದ ಮದುವಿ ಅಲ್ಲೇನ್ರಿ?”

ದಯಾವತಿಬಾಯಿ ಆ ಕಟ್ಟೆಯ ಮೇಲೆಯೇ ಕೂತುಬಿಟ್ಟಳು. ಪ್ರೇಮಲತಾ ತಂದ ನೀರನ್ನು ಕುಡಿಯಲೂ ಇಲ್ಲ.

ಮನೆಗೆ ಬಂದು ಮೊಣಕಾಲೂರಿದಳು. ಆಗ ಆಕೆಗೆ ಒಂದೊಂದೇ ನೆನಪಾಯಿತು. ಆ ಶುಕ್ರವಾರ ಆ ಮಾತು ನಾಲಿಗೆಗೆ ಬಂದಾಗ ಒಳಗೊಂದು ಸಣ್ಣ ಸಿಹಿ ಇತ್ತಲ್ಲ? ಉಳಿದವರಿಗೆ ತಿಳಿಯದ್ದು ನನಗೆ ತಿಳಿದಿದೆ ಎಂಬ ಸಿಹಿ. ಸುತ್ತಲಿದ್ದವರು ‘ಅಯ್ಯೋ’ ಎಂದು ಉಸಿರೆಳೆದದ್ದು ಕಿವಿಗೆ ಹಿತವಾಗಿತ್ತಲ್ಲ? ದೇವರ ಮುಂದೆ ಕಣ್ಣು ಮುಚ್ಚಿ, ಮಂದಿಯ ಮುಂದೆ ಕಿವಿ ತೆರೆದಿಟ್ಟಿದ್ದಳು. ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ರಾಹೇಲವ್ವನ ಬಾಗಿಲಿಗೆ ಹೋಗಿ ನಿಂತಳು. “ನಿನ್ನ ಮಾತು ಹೊರಗ ಬಿಟ್ಟಾಕಿ ನಾನ, ರಾಹೇಲವ್ವ. ಪ್ರಾರ್ಥನಾದಾಗ ಬಿಟ್ಟೆ. ತಪ್ಪಾತು.”

ರಾಹೇಲವ್ವ ಕೈಯಲ್ಲಿದ್ದ ರವಿಕೆ ಮಡಿಚಿಟ್ಟಳು. ಆಮೇಲೆ ಅಂದಳು: “ನಂಗ ಮೊದಲ ಗೊತ್ತಿತ್ರಿ. ನಾ ಹೇಳಿದ್ದು ನಿಮಗೊಬ್ಬರಿಗೆ. ಕ್ಷಮಿಸೇನಿ ಅಂತ ಬಾಯಿಲೆ ಹೇಳಬಹುದು. ಆದ್ರ ಇವತ್ತ ನನ್ನ ಮನಸ್ಸು ಅಷ್ಟು ದೊಡ್ಡದಾಗವಲ್ದು.”

“ಆಗೂತನಕ ಕಾಯ್ತೀನಿ. ಆದ್ರ ಹಾವೇರಿಗೆ ನಾ ಹೋಗಿ ಬರ್ಲಿ? ನೀ ಬ್ಯಾಡಂದ್ರ ಹೋಗೂದಿಲ್ಲ.”

ನೋಡಿ, ಈ ಸಲ ಕೇಳಿದಳು. ರಾಹೇಲವ್ವ ಹೂಂ ಎಂದು ತಲೆಯಾಡಿಸಿದಳು. ದಯಾವತಿಬಾಯಿ ಬಸ್ಸು ಹಿಡಿದು ಹೋಗಿ, ಗುರುತಿಲ್ಲದ ಬೀಗರ ಪಡಸಾಲೆಯಲ್ಲಿ ನಿಂತು, “ನಿಮ್ಮ ಮಾನ ತೆಗದಾಕಿ ನಾನು, ಅವರಲ್ಲ” ಎಂದಳು. ಹುಡುಗನ ತಾಯಿ ಹಾಗೂ ಅನ್ನಲಿಲ್ಲ, ಹೀಗೂ ಅನ್ನಲಿಲ್ಲ. ಆದರೆ ಮೂರು ವಾರದ ಮೇಲೆ ಹುಡುಗ ತಾನೇ ಬಂದ. ಹೆಂಡತಿಯ ಜೊತೆ ಅರ್ಧ ದಿನ ಕೂತು ಮಾತಾಡಿ, ಕರೆದುಕೊಂಡು ಹೋದ. ರಾಹೇಲವ್ವ ಮುಂದಿನ ಭಾನುವಾರ ಆರಾಧನೆಗೆ ಬಂದಳು, ಹಿಂದಿನ ಬೆಂಚಿನಲ್ಲಿ ಕೂತಳು. ದಯಾವತಿಬಾಯಿಯ ಪಕ್ಕಕ್ಕೆ ಬಂದು ಕೂರಲು ಕ್ರಿಸ್ಮಸ್ ಬರಬೇಕಾಯಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ವಿಚಿತ್ರ ಕೇಳಿ. ದಯಾವತಿಬಾಯಿಗೆ ಸಮಾಧಾನವಾಗಲಿಲ್ಲ. ಈಗ ಆಕೆಗೆ ದಿನಕ್ಕೊಂದು ಕಾಣತೊಡಗಿತು. ರೋಗಿಯನ್ನು ನೋಡಲು ಹೋದರೆ, ಹೋಗಿ ಬಂದದ್ದನ್ನು ಯಾರಿಗೆ ಹೇಳಲಿ ಎಂದು ಮನಸ್ಸು ಹುಡುಕುತ್ತಿತ್ತು. ತನ್ನ ಸೊಸೆಯನ್ನು ಹೊಗಳುವಾಗ ಹೊಗಳಿಕೆಯೊಳಗೇ ಒಂದು ಮುಳ್ಳು ಇರುತ್ತಿತ್ತು. ಹೆದರಿ ಸಭಾಪಾಲಕರ ಬಳಿ ಹೋದಳು.

“ಅಯ್ಯನವರ, ನಲವತ್ತು ವರ್ಷ ನಂಬಿಕೀಲೆ ನಡದೀನಿ. ಈಗ ನೋಡಿದ್ರ ಬರೇ ಪಾಪನ ಕಾಣಾಕತ್ತೇದ. ನಾ ಹಿಂದಕ ಹೊಂಟೀನೇನ್ರಿ?”

ಅಯ್ಯನವರು ಕೇಳಿದರು: “ಇಂಥಾ ಪ್ರಾರ್ಥನಾ ನೀವು ಮೊದಲೆಂದೂ ಮಾಡಿದ್ದಿಲ್ಲೇನು?”

ಆಕೆ ಯೋಚಿಸಿದಳು. “ಮಾಡೀನ್ರಿ. ಭಾಳ ಸಲ.”

“ಆಗ ನೋವಾಗಿತ್ತೇನು?”

“ಇಲ್ರಿ.”

“ಹಂಗಾದ್ರ ಪಾಪ ಹಳೇದು. ನೋವು ಹೊಸದು. ಆ ನೋವು ಎಲ್ಲಿಂದ ಬಂತು ಅಂತೀರಿ? ಸೈತಾನ ನಿಮಗ ಪಾಪ ತೋರಿಸಿ ಮನಿಯಾಗ ಕೂಡಿಸ್ತಾನ. ಪವಿತ್ರಾತ್ಮ ತೋರಿಸಿದ್ರ ಎಬ್ಬಿಸಿ ರಾಹೇಲವ್ವನ ಬಾಗಿಲಿಗೆ ಕಳಿಸ್ತಾನ. ನೀವು ಹೋಗಿ ಬಂದೀರಿ. ಹಿಂದಕ ಹೊಂಟವರು ಹಾವೇರಿ ಬಸ್ಸು ಹತ್ತೂದಿಲ್ಲ.”

ಈಗ ನಿಮ್ಮ ಸರದಿ, ಪ್ರಿಯರೇ. ಹೊಸದಾಗಿ ನಂಬಿದಾಗ ನಮಗೆ ಕಂಡ ಪಾಪಗಳು ಯಾವುವು? ಕುಡಿತ, ಕಳವು, ಬೈಗುಳ. ಅವನ್ನು ಬಿಟ್ಟೆವು, ಸಾಕ್ಷಿ ಹೇಳಿದೆವು. ಆಮೇಲೆ? ಕಳೆದ ಒಂದು ವರ್ಷದಲ್ಲಿ ನಿಮ್ಮೊಳಗೆ ನಿಮಗೆ ಹೊಸದಾಗಿ ಕಂಡದ್ದು ಏನು? ಏನೂ ಕಂಡಿಲ್ಲವೇ? ಹಾಗಾದರೆ ಹೆದರಬೇಕಾದವರು ನೀವು. ದಯಾವತಿಬಾಯಿ ಹೆದರಬೇಕಿರಲಿಲ್ಲ. ಕರ್ತನಿಗೆ ಹತ್ತಿರ ಬಂದವನಿಗೆ ತನ್ನ ಪಾಪ ಕಾಣುತ್ತದೆ, ಕಂಡಷ್ಟೂ ಶಿಲುಬೆ ದೊಡ್ಡದಾಗುತ್ತದೆ.

ಆದ್ದರಿಂದ ಇವತ್ತಿನಿಂದ ಹೀಗೆ ಮಾಡಿ. ಇನ್ನೊಬ್ಬರ ಕಷ್ಟವನ್ನು ಕೂಟದಲ್ಲಿ ಎತ್ತುವ ಮೊದಲು ಅವರನ್ನು ಕೇಳಿ. ಕೇಳಲು ಆಗದಿದ್ದರೆ ಬಾಗಿಲು ಮುಚ್ಚಿ ಪ್ರಾರ್ಥಿಸಿ, ದೇವರಿಗೆ ಅಷ್ಟು ಸಾಕು. ಯಾರದೋ ತಪ್ಪಿನ ಮೂಲ ಹುಡುಕಲು ಹೊರಟಾಗ, ಮೊದಲು ‘ಕರ್ತನೇ, ಅದು ನಾನೋ’ ಎಂದು ಕೇಳಿಕೊಳ್ಳಿ. ಮತ್ತು ಕಂಡ ಪಾಪಕ್ಕೆ ಅತ್ತು ಮಲಗಬೇಡಿ, ಎದ್ದು ಹೋಗಿ. ಬರುವ ಭಾನುವಾರ ಕರ್ತನ ಭೋಜನವಿದೆ, ಆ ರೊಟ್ಟಿ ತೆಗೆದುಕೊಳ್ಳುವ ಮೊದಲು ನೋಯಿಸಿದವರೊಡನೆ ಸಮಾಧಾನವಾಗಬೇಕು. ಈಗ ಕೂತಲ್ಲೇ ಯಾರದೋ ಒಂದು ಮನೆ ನಿಮ್ಮ ನೆನಪಿಗೆ ಬಂದಿರಬೇಕು. ನಡುವೆ ಆರು ದಿನವಿದೆ. ಒಂದು ಮನೆಗೆ ಹೋಗಿ ಬರಲು ಆರು ದಿನ ಸಾಕು.