ಮಾರಿದ ಕಾರಿನ ಜಾಡು

ಸರ್ವೀಸ್ ಸೆಂಟರಿನ ಬೆಂಚಿನಲ್ಲಿ ಸೀಟ್ ಕವರ್ ಹೊಲಿಯುವ ದರ್ಜಿ ಕಾಯುತ್ತಿದ್ದ. ಪಕ್ಕದಲ್ಲೇ ಕಾರು ಮಾರಿದ ಅಜ್ಜಿ, ಅದನ್ನು ಕೊಂಡ ಟೀಚರಮ್ಮ.

“ಮಾರಿ ಮೂರು ತಿಂಗಳಾದ್ರೂ ಕಾರು ಎಲ್ಲಿ ಹೋಗುತ್ತೆ ಅಂತ ನನ್ನ ಫೋನಿನ ಕಾರ್ ಆ್ಯಪಲ್ಲಿ ಕಾಣ್ತಾನೇ ಇದೆಯಮ್ಮ.”

“ಮೊದಲೇ ಹೇಳ್ಬಾರದಿತ್ತಾ?”

“ನಮ್ಮೆಜಮಾನ್ರು ಓಡಿಸ್ತಿದ್ದ ಕಾರು. ನೋಡ್ತಿದ್ರೆ ಅವರೇ ಎಲ್ಲೋ ಹೊರಟಿದಾರೆ ಅನ್ಸೋದು. ತಪ್ಪಾಯ್ತು.”

ಟೀಚರಮ್ಮ ದನಿ ತಗ್ಗಿಸಿದರು. “ಗುರುವಾರದ್ದೂ ನೋಡಿದೀರಾ?”

“ಕ್ಯಾನ್ಸರ್ ಆಸ್ಪತ್ರೆ. ಪ್ರತಿ ವಾರ.”

ದರ್ಜಿ ಸುತ್ತಿದ ಟೇಪನ್ನೇ ಮತ್ತೆ ಸುತ್ತಿದ.

“ಮನೇಲಿ ಯಾರಿಗೂ ಗೊತ್ತಿಲ್ಲ,” ಅಂದರು ಟೀಚರಮ್ಮ.

“ನಾನೂ ಬಾಯಿ ಬಿಟ್ಟಿಲ್ಲ.”

ಮೆಕ್ಯಾನಿಕ್ ಬಂದು ಅಜ್ಜಿಯ ಫೋನಿನ ಆ್ಯಪಿನಿಂದ ಕಾರನ್ನು ಅಳಿಸಿಕೊಟ್ಟ. ಹೆಂಗಸರಿಬ್ಬರೂ ಎದ್ದರು.

“ಇನ್ಮೇಲೆ ನಿಮಗೆ ಏನೂ ಕಾಣಲ್ಲ,” ಬಾಗಿಲ ಬಳಿ ಟೀಚರಮ್ಮ ನಿಂತರು. “ಗುರುವಾರ ನೀವೇ ಜೊತೆಗೆ ಬರ್ತೀರಾ?”