ತಿಂಗಳೊಪ್ಪತ್ತಿನ ಪೈಪು

ಚಿತ್ತಾಪುರದ ಬಸ್ ನಿಲ್ದಾಣದಲ್ಲಿ ಮಗುವನ್ನು ತಟ್ಟುತ್ತ ಕುಳಿತಿದ್ದ ಶಿವಕಾಂತಮ್ಮನಿಗೆ, ಹೈದರಾಬಾದಿನ ದವಾಖಾನೆಯಿಂದ ಮರಳಿದ್ದ ಗಂಡಹೆಂಡಿರ ಮಾತು ಕೇಳಿಸಿತು.

“ನಿಮ್ಮ ಕಿಡ್ನಿ ಕಲ್ಲು ತೆಗೆದು ಒಳಗ ಇಟ್ಟ ಪೈಪು ತಿಂಗಳದಾಗ ತೆಗಸ್ರಿ ಅಂದಿದ್ರು. ಹಂದರ ಹಾಕ್ಯದ, ಮಗಳಿಗಿ ಅರಿಶಿಣ ಹಚ್ಯಾರ, ಈಗ ದವಾಖಾನಿ ಬ್ಯಾಡ ಅಂದಾಕಿ ನಾನೇ.”

“ಆಮ್ಯಾಲ ನೋವೇ ಇರಲಿಲ್ಲ. ಮೂರು ವರ್ಷ ನಾನೂ ಮರ್ತೆ.”

“ಪೈಪಿಗೇ ಕಲ್ಲು ಕಟ್ಟಿ, ಇದ್ದ ಒಂದೇ ಕಿಡ್ನಿನೂ ಹೋಯ್ತಲ್ರಿ. ಡಯಾಲಿಸಿಸ್ ಮಾಡಿದ್ರೂ ಉಳಿಯಂಗಿಲ್ಲ, ಇನ್ನ ಮನಿಗಿ ಕರ್ಕೊಂಡು ಹೋಗು ಅಂದ್ರಲ್ಲ.”

“ಮಗಳ ಮುಂದ ಲಗ್ನದ ಮಾತು ತೆಗೀಬ್ಯಾಡ. ನನ್ನಿಂದ ಅಪ್ಪ ಹೋದ ಅಂತ ತಿಳೀತಾಳ.”

“ಮತ್ತೇನು ಹೇಳ್ಲಿ?”

“ಕಲ್ಲು ಮತ್ತ ಬಂತು ಅನ್ನು. ನೀನೂ ಹಂಗೇ ತಿಳ್ಕೋ.”

ಕಾಳಗಿ ಬಸ್ಸು ಬಂತು. ಗಂಡ ಎದ್ದು ಹೆಂಡತಿಯ ಕೈಚೀಲಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ.

“ಸಾವಕಾಶ ಹತ್ರಿ,” ಎಂದಳು.